ಒಂದೂವರೆ ಮೀಟರಿನ ಹಾಡು

ಬೆಂಗಳೂರಿನಲ್ಲಿ ರಾಕ್ ಬ್ಯಾಂಡಿನ ಆಯುಸ್ಸು ಎಂಟು ಸೆಮಿಸ್ಟರು. ಮೊದಲನೆಯದರಲ್ಲಿ ನಾಲ್ಕು ಹುಡುಗರು ಕ್ಯಾಂಟೀನಿನಲ್ಲಿ ಕೂತು ಹೆಸರು ಹುಡುಕುತ್ತಾರೆ. ಹಾಡಿಗಿಂತ ಹೆಸರಿಗೇ ಜಾಸ್ತಿ ದಿನ ಹಿಡಿಯುತ್ತದೆ. ಐದನೆಯದರಲ್ಲಿ ಯಾವುದೋ ಕಾಲೇಜಿನ ಫೆಸ್ಟಿನಲ್ಲಿ ಎರಡನೇ ಬಹುಮಾನ. ಏಳನೆಯದರಲ್ಲಿ ಕ್ಯಾಂಪಸ್ ಇಂಟರ್‌ವ್ಯೂ. ಎಂಟು ಮುಗಿಯುವ ಹೊತ್ತಿಗೆ ಡ್ರಮ್ಸ್ ಬಾರಿಸುವವನಿಗೆ ಪುಣೆಗೆ ಪೋಸ್ಟಿಂಗು, ಬೇಸ್ ನುಡಿಸುವವನಿಗೆ ಟೆಕ್ಸಾಸ್‌ನಲ್ಲಿ ಎಂ.ಎಸ್. ಸೀಟು, ಹಾಡುವವನಿಗೆ ಮನೆಯಲ್ಲಿ ಹೆಣ್ಣು ನೋಡಿ ಆಗಿರುತ್ತದೆ. ಗಿಟಾರು ಅಟ್ಟ ಸೇರುತ್ತದೆ. ಹತ್ತು ವರ್ಷ ಬಿಟ್ಟು ಮನೆ ಬದಲಾಯಿಸುವಾಗ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, 'ಒಂದು ಕಾಲದಲ್ಲಿ ನಾವೂ…' ಅನ್ನುವ ಗಂಡನನ್ನು ಕಂಡು ಹೆಂಡತಿ, 'ಓಎಲ್ಎಕ್ಸ್‌ಗೆ ಹಾಕ್ರೀ' ಅನ್ನುತ್ತಾಳೆ.

ಈ ಲೆಕ್ಕಕ್ಕೆ ಸಿಗದೆ ಉಳಿದದ್ದು ಥರ್ಮಲ್ ಅಂಡ್ ಎ ಕ್ವಾರ್ಟರ್. 1996ರಲ್ಲಿ ಹೊಸೂರು ರಸ್ತೆಯ ಕ್ರೈಸ್ಟ್ ಕಾಲೇಜಿನ ಹುಡುಗರು ಕಟ್ಟಿದ ಬ್ಯಾಂಡು, ಇನ್ನೂ ನುಡಿಸುತ್ತಿದೆ. ಗಿಟಾರು ಮತ್ತು ಹಾಡು ಬ್ರೂಸ್ ಲೀ ಮಣಿ ಅವರದು. ಹೆಸರು ಕೇಳಿ ನಮ್ಮ ಮನೆಯಾಕೆ ಬಹಳ ದಿನ ಅವರನ್ನು ಕರಾಟೆ ಮಾಸ್ತರು ಅಂದುಕೊಂಡಿದ್ದಳು. ಡ್ರಮ್ಸ್‌ನಲ್ಲಿ ರಾಜೀವ್ ರಾಜಗೋಪಾಲ್. ಬೇಸ್ ನುಡಿಸುವವರು ಬಂದರು, ಹೋದರು. ಆಮೇಲೆ ಇನ್ನೊಬ್ಬ ಗಿಟಾರಿಸ್ಟ್ ಟೋನಿ ದಾಸ್ ಬಂದು ಸೇರಿದರು. ಮಣಿ, ರಾಜಗೋಪಾಲ್ ಇಬ್ಬರು ಮಾತ್ರ ಮೊದಲಿಂದಲೂ ಕದಲಲಿಲ್ಲ. ಸಾಫ್ಟ್‌ವೇರು ಊರನ್ನೇ ನುಂಗುತ್ತಿದ್ದ ಆ ವರ್ಷಗಳಲ್ಲಿ ಇಂಗ್ಲಿಷ್ ಬಲ್ಲ, ಕಾಲೇಜು ಮುಗಿಸಿದ ಹುಡುಗರು ಗಿಟಾರು ನುಡಿಸಿಕೊಂಡೇ ಇಲ್ಲೇ ಇರುತ್ತೇವೆ ಅಂದರೆ ಅದು ಸಣ್ಣ ಹಟವಲ್ಲ. ಮನೆಯವರು ಏನಂದರೋ, ಅದು ಅವರವರಿಗೇ ಗೊತ್ತು.

ಇನ್ನೊಂದು ಹಟವೂ ಇತ್ತು. ಆ ಕಾಲದ ಕಾಲೇಜು ಫೆಸ್ಟುಗಳಲ್ಲಿ ಸ್ಟೇಜಿನ ಕೆಳಗೆ ನಿಂತವರು ಕೂಗುತ್ತಿದ್ದದ್ದು ಪರದೇಶದ ಹಾಡುಗಳ ಹೆಸರನ್ನು. ಡೀಪ್ ಪರ್ಪಲ್‌ನದು ನುಡಿಸು, ಪಿಂಕ್ ಫ್ಲಾಯ್ಡ್‌ನದು ನುಡಿಸು ಎಂದು. ಹೋಟೆಲಿಗೆ ಹೋಗಿ ಪಕ್ಕದ ಹೋಟೆಲಿನ ದೋಸೆ ಕೊಡಿ ಅಂದಂತೆ. ಇವರು ತಮ್ಮದೇ ಹಾಡು ನುಡಿಸಿದರು. ಅದಕ್ಕೆ 'ಬ್ಯಾಂಗಲೋರ್ ರಾಕ್' ಎಂದು ತಾವೇ ಹೆಸರಿಟ್ಟುಕೊಂಡರು. ಡೀಪ್ ಪರ್ಪಲ್, ಜೆಥ್ರೊ ಟಲ್‌ನಂಥವರು ಇಲ್ಲಿಗೆ ಬಂದಾಗ ಅವರಿಗಿಂತ ಮುಂಚೆ ಸ್ಟೇಜು ಹತ್ತಿ ನುಡಿಸಿದ್ದೂ ಉಂಟು. ಆಲ್ಬಮ್ಮುಗಳು ಬಂದವು: 2002ರಲ್ಲಿ 'ಜುಪಿಟರ್ ಕೆಫೆ', 2005ರಲ್ಲಿ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಕೊಟ್ಟ 'ಪ್ಲಾನ್ ಬಿ', 2012ರಲ್ಲಿ ಮೂರು ಡಿಸ್ಕುಗಳ '3 ವ್ಹೀಲ್ಸ್ 9 ಲೈವ್ಸ್'. ಮೂರು ಚಕ್ರ ಎಂದರೆ ಯಾವುದೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಆಲ್ಬಮ್ಮಿನಲ್ಲಿ 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್' ಎಂಬ ಹಾಡೇ ಇದೆ.

ಈ ಹಾಡನ್ನು ಸುಬ್ರಹ್ಮಣ್ಯಪುರದವರಿಗಿಂತ ಚೆನ್ನಾಗಿ ಅನುಭವಿಸುವ ಜನ ಭೂಮಿಯ ಮೇಲೆ ಇರಲಾರರು. ನಮ್ಮದು ಉತ್ತರಹಳ್ಳಿ, ವಸಂತಪುರ, ಚಿಕ್ಕಲ್ಲಸಂದ್ರಗಳ ನಡುವೆ ಸಿಕ್ಕಿಕೊಂಡ ಊರು. ಬನಶಂಕರಿ ಎಂದರೆ ಆಟೋದವರು ತಲೆ ಅಲ್ಲಾಡಿಸುತ್ತಿದ್ದರು. ಸುಬ್ರಹ್ಮಣ್ಯಪುರ ಎಂದರೆ ಸೀದಾ ಮುಂದಕ್ಕೆ ಹೋಗಿಬಿಡುತ್ತಿದ್ದರು. ನಿಂತವನು ಪುಣ್ಯಾತ್ಮ; ಅವನದು ಒಂದೇ ಮಾತು: 'ಸಾರ್, ರಿಟರ್ನ್ ಸಿಗಲ್ಲ, ಮೀಟರ್ ಮೇಲೆ ಒನ್ ಅಂಡ್ ಹಾಫ್ ಕೊಡಿ.' ರಾತ್ರಿ ಹತ್ತಾದ ಮೇಲೆ ಒಂದೂವರೆ ಎನ್ನುವುದು ಸರ್ಕಾರವೇ ಒಪ್ಪಿದ ದರ. ಆದ್ದರಿಂದ ಹತ್ತಾದ ಮೇಲೆ ನಮಗೆ ಡಬಲ್ಲು. ಎಂ.ಜಿ. ರಸ್ತೆಯ ಕಡೆ ಎಂಥ ದೊಡ್ಡ ಕಾರ್ಯಕ್ರಮವಿದ್ದರೂ ಕೊನೆಯ ಹಾಡಿಗೆ ಮುಂಚೆ ಎದ್ದು ಬರುತ್ತಿದ್ದ ಜನ ನಾವು. ಸಂಗೀತದ ರಸಿಕತೆಗೂ ಬಿಎಂಟಿಸಿಯ ಕೊನೇ ಬಸ್ಸಿಗೂ ಇರುವ ಸಂಬಂಧದ ಬಗ್ಗೆ ಯಾರೂ ಇನ್ನೂ ಪಿಎಚ್.ಡಿ. ಮಾಡಿಲ್ಲ. ಮೆಟ್ರೊ 2017ರಲ್ಲಿ ಯಲಚೇನಹಳ್ಳಿಗೆ ಬಂತು, 2021ರಲ್ಲಿ ಕನಕಪುರ ರಸ್ತೆ ಹಿಡಿದು ಇನ್ನೂ ಮುಂದಕ್ಕೆ ಹೋಯಿತು. ನಮ್ಮನ್ನು ಮಾತ್ರ ಪಕ್ಕದಲ್ಲೇ ಬಿಟ್ಟು ಹೋಯಿತು.

ಆಟೋ ಒಂದು ನೆಪ. ರಾಕ್ ಸಂಗೀತಕ್ಕೂ ನಮಗೂ ಮಧ್ಯೆ ಇದ್ದ ದೂರ ಕಿಲೋಮೀಟರಿನದಷ್ಟೇ ಅಲ್ಲ. ಅದು ಕಂಟೋನ್ಮೆಂಟಿನವರದು, ಕಾನ್ವೆಂಟಿನವರದು ಎಂಬುದು ಈ ಕಡೆಯವರ ಭಾವನೆ. ನಮ್ಮದು ಗಾಯನ ಸಮಾಜ, ಕೋಟೆ ಹೈಸ್ಕೂಲಿನ ರಾಮೋತ್ಸವ, ಹೆಚ್ಚೆಂದರೆ ಸಿ. ಅಶ್ವತ್ಥರ ಭಾವಗೀತೆ. ಗಿಟಾರನ್ನು ನಾವು ಮೊದಲು ಮನಸ್ಸಿಗೆ ಹಚ್ಚಿಕೊಂಡದ್ದೇ ಸಿನಿಮಾದಲ್ಲಿ. 1981ರ 'ಗೀತಾ' ಬಂದ ಮೇಲೆ ನನ್ನ ಓರಗೆಯ ಅರ್ಧ ಜನ ಶಂಕರ್‌ನಾಗ್ ಥರ ಕೂದಲು ಬಿಟ್ಟುಕೊಂಡು ಇಲ್ಲದ ಗಿಟಾರನ್ನು ಗಾಳಿಯಲ್ಲಿ ಮೀಟಿದ್ದೇವೆ. ತಂತಿಯ ಸದ್ದು ಇಳಯರಾಜಾ ಅವರ ವಾದ್ಯಗಾರರದು ಎಂದು ಆಗ ಯಾರು ಯೋಚಿಸಿದ್ದರು! ಇನ್ನು ಕಂಟೋನ್ಮೆಂಟಿನದೆಂದರೆ ಕನ್ನಡದ್ದಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಬೆಂಗಳೂರಿನ ಹಿರಿಯ ಗಿಟಾರ್ ವಾದಕರಲ್ಲಿ ಒಬ್ಬರಾದ ಕೊನಾರಕ್ ರೆಡ್ಡಿ ಯಾರ ಮಗ? 'ಸಂಸ್ಕಾರ'ದ ಚಂದ್ರಿ ಸ್ನೇಹಲತಾ ರೆಡ್ಡಿಯವರದು, ಆ ಚಿತ್ರ ತೆಗೆದ ಪಟ್ಟಾಭಿರಾಮ ರೆಡ್ಡಿಯವರದು. ಕನ್ನಡದ ಹೊಸ ಅಲೆಯ ಸಿನಿಮಾ ಮತ್ತು ಬೆಂಗಳೂರಿನ ಗಿಟಾರು ಒಂದೇ ಮನೆಯ ಅಂಗಳದಲ್ಲಿ ಆಡಿಕೊಂಡಿದ್ದವು. ನೋಡುವ ಪುರಸೊತ್ತು ನಮಗಿರಲಿಲ್ಲ, ಅಷ್ಟೆ.

ಈಗ ಮೇಲಿನ ಮನೆಗೆ ಬರೋಣ. ನಮ್ಮ ಮೊದಲ ಮಹಡಿಯಲ್ಲಿ ಹಾಸನದ ಕಡೆಯ ಒಂದು ಕುಟುಂಬ ಬಾಡಿಗೆಗಿದೆ. ಮಗಳು ಮೊದಲ ಪಿಯುಸಿ. ಸಂಜೆ ಕಾಲೇಜು, ಟ್ಯೂಷನ್ನು ಮುಗಿಸಿ ಬಂದು ಏಳರ ಮೇಲೆ ಗಿಟಾರು ಹಿಡಿಯುತ್ತಾಳೆ. ಮೊದಲ ಕೆಲವು ತಿಂಗಳು ಎಫ್ ಕಾರ್ಡ್. ತೋರುಬೆರಳನ್ನು ಅಡ್ಡಕ್ಕೆ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಒಂದು ತಂತಿ ಸಡಿಲವಾದರೂ 'ಟಪ್' ಎಂಬ ಸತ್ತ ಸದ್ದು. ಪ್ರಪಂಚದಲ್ಲಿ ಗಿಟಾರು ಬಿಟ್ಟವರ ಪೈಕಿ ಮುಕ್ಕಾಲು ಮಂದಿ ಈ ಎಫ್ ದಾಟಲಾರದೆ ಬಿಟ್ಟವರೇ ಇರಬೇಕು. ಇವಳು ಬಿಡಲಿಲ್ಲ. ಎಡಗೈ ಬೆರಳ ತುದಿಗಳನ್ನು ಒಂದು ದಿನ ನನಗೆ ತೋರಿಸಿದಳು. ಮೊದಲು ಕೆಂಪಗೆ, ಆಮೇಲೆ ಬೊಕ್ಕೆ, ಈಗ ಜಡ್ಡುಗಟ್ಟಿ ಗಟ್ಟಿಯಾಗಿದೆ. 'ಅಂಕಲ್, ಬಿಸಿ ಪಾತ್ರೆ ಹಿಡಿದ್ರೂ ಗೊತ್ತಾಗಲ್ಲ' ಎಂದಳು, ಮೆಡಲು ಬಂದವರ ಹಾಗೆ.

ಒಂದು ಸಂಜೆ ಮೇಲಿಂದ ಬಂದ ಹಾಡು ಇಂಗ್ಲಿಷು, ತಾಳ ಮಾತ್ರ ಎಲ್ಲೋ ನಮ್ಮ ಕಡೆಯದು. ಮಧ್ಯೆ ಮೀಟರು ಎಂಬ ಮಾತು ಕೇಳಿ ಮೆಟ್ಟಿಲು ಹತ್ತಿದೆ. ಫೋನಿನಲ್ಲಿ ಅದೇ '3 ವ್ಹೀಲ್ಸ್' ಹಾಡು ಓಡುತ್ತಿತ್ತು. ಇವಳು ಜೊತೆಗೆ ನುಡಿಸುತ್ತಿದ್ದಳು. ಹಾಡು ಬಂದಾಗ ಇವಳಿಗೆ ಮೂರು ವರ್ಷ.

'ಇದು ನಿನಗೆಲ್ಲಿ ಸಿಕ್ತಮ್ಮಾ?'

'ನಮ್ ಗಿಟಾರ್ ಸರ್ ಹೇಳಿಕೊಟ್ರು ಅಂಕಲ್. ಅವ್ರು ಇವ್ರ ಹತ್ರಾನೇ ಕಲ್ತಿದ್ದು. ಅಂಕಲ್, ಒಂದು ಡೌಟು. ಮೀಟರ್ ಮೇಲೆ ಒನ್ ಅಂಡ್ ಎ ಹಾಫ್ ಅಂದ್ರೆ ಏನು?'

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಈ ಹುಡುಗಿ ಆಟೋದವನ ಹತ್ತಿರ ಚೌಕಾಸಿಯನ್ನೇ ಮಾಡಿದವಳಲ್ಲ. ಫೋನು ಒತ್ತುತ್ತಾಳೆ, ಆಟೋ ಗೇಟಿಗೆ ಬರುತ್ತದೆ. 2022ರಿಂದೀಚೆಗೆ 'ನಮ್ಮ ಯಾತ್ರಿ' ಆ್ಯಪ್. ಬರದಿದ್ದರೆ ಹತ್ತೋ ಇಪ್ಪತ್ತೋ 'ಟಿಪ್' ಸೇರಿಸಿ ಮತ್ತೆ ಒತ್ತುತ್ತಾಳೆ. ಚೌಕಾಸಿ ಹೋಗಿಲ್ಲ, ಮೂಕವಾಗಿದೆ. ಮೀಟರು ದರ 2025ರ ಆಗಸ್ಟ್ ಒಂದರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಎಂದು ಸರ್ಕಾರ ಗೊತ್ತುಪಡಿಸಿದ್ದು ಪೇಪರಿನಲ್ಲಿ ಓದಿ ನಾನು ಕೂಡಿಸಿ ಕಳೆಯುತ್ತೇನೆ. ಅವಳಿಗೆ ಮೀಟರು ಎಂದರೆ ಡ್ರೈವರ ಪಕ್ಕ ಸುಮ್ಮನೆ ಉರಿಯುವ ಒಂದು ಕೆಂಪು ಅಂಕಿ. ಅವಳಿಗೆ ಇಡೀ ಪುರಾಣ ಹೇಳಿದೆ: ಕೈ ಅಡ್ಡ ಹಿಡಿಯುವುದು, ಆಟೋ ನಿಧಾನವಾಗುವುದು, ಡ್ರೈವರು ನಮ್ಮ ಮುಖ ನೋಡದೆ ರಸ್ತೆ ನೋಡುತ್ತಾ 'ಎಲ್ಲಿಗೆ' ಅನ್ನುವುದು, ಹೇಳಿದ ಕೂಡಲೇ ಗೇರು ಬೀಳುವುದು. ಅವಳು ಬಿದ್ದು ಬಿದ್ದು ನಕ್ಕಳು. ನನಗೆ ಕಂಡದ್ದು ಬೇರೆ. ಹಾಡಿನ ವಿಷಯ ಇಷ್ಟು ಬೇಗ ಹಳತಾಗಿ, ಅಡಿಟಿಪ್ಪಣಿ ಕೇಳುವ ಸ್ಥಿತಿಗೆ ಬಂದಿದ್ದರೂ ಹಾಡು ಅವಳ ಬೆರಳಿಗೆ ಹತ್ತಿಕೊಂಡಿದೆ. ದಾಸರ ಪದಗಳಲ್ಲಿ ಬರುವ ಕೊಳಗ, ಬಳ್ಳಗಳನ್ನು ಕಣ್ಣಿಂದ ಕಾಣದವರೂ ಹಾಡುತ್ತೇವಲ್ಲ.

ಅಷ್ಟರಲ್ಲಿ ಅವಳ ತಾಯಿ ಕಾಫಿ ತಂದರು. ಆಕೆ ಹಾಸನದಲ್ಲಿ ಸಂಗೀತ ಕಲಿತು ಸೀನಿಯರ್ ಪರೀಕ್ಷೆ ಮುಗಿಸಿದವರು. ಮಗಳು ಐದನೇ ಫ್ರೆಟ್ಟಿನಿಂದ ಒಂದು ವರಸೆ ನುಡಿಸಿದಳು. ಗಿಟಾರು ಕಲಿಯುವ ಎಲ್ಲರೂ ಮೊದಲು ಕಲಿಯುವ ಎ ಮೈನರ್ ಪೆಂಟಟಾನಿಕ್, ಐದು ಸ್ವರಗಳ ಏಣಿ. ತಾಯಿ ಲೋಟ ಕೆಳಗಿಟ್ಟು, 'ಅಲ್ಲ ಕಣೇ, ಇದು ಶುದ್ಧ ಧನ್ಯಾಸಿ ಅಲ್ವೇನೇ? ಸ ಗ ಮ ಪ ನಿ ಸ' ಎಂದು ಹಾಡಿಯೇಬಿಟ್ಟರು. ಮಗಳು ತಂತಿಯನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿ ಗಾಂಧಾರವನ್ನು ಒಲೆಸಿದಳು. 'ಇದಕ್ಕೆ ಬೆಂಡ್ ಅಂತಾರಮ್ಮ.' 'ನಾವು ಇದನ್ನೇ ಗಮಕ ಅಂತೀವಿ, ಫೀಸು ಕಮ್ಮಿ' ಎಂದರು ತಾಯಿ. ಇನ್ನೊಂದು ವಿಷಯದಲ್ಲೂ ಇಬ್ಬರದೂ ಒಂದೇ ಕಥೆ. ತಾಯಿಯ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ಮಗಳಿಗೆ ಲಂಡನ್ನಿನ ರಾಕ್‌ಸ್ಕೂಲ್‌ನವರ ಗ್ರೇಡ್ ಒಂದರಿಂದ ಎಂಟು. ದಂಗೆಯ ಸಂಗೀತ ಎಂದು ಹೆಸರಾದದ್ದಕ್ಕೂ ಹಾಲ್‌ಟಿಕೆಟ್ಟು, ಮಾರ್ಕ್ಸ್‌ಕಾರ್ಡು ಬಂದಿರುವುದನ್ನು ನೋಡಿ ನಮ್ಮ ದಕ್ಷಿಣ ಬೆಂಗಳೂರಿನ ತಂದೆತಾಯಿಗಳಿಗೆ ಎಷ್ಟು ಸಮಾಧಾನವಾಗಿದೆಯೋ ಹೇಳತೀರದು.

'ಇವ್ರ ಹತ್ರಾನೇ ಕಲ್ತಿದ್ದು' ಎಂದಳಲ್ಲ, ವಿಷಯವಿರುವುದು ಅಲ್ಲೇ. ಹಳೆಯ ಬ್ಯಾಂಡಿಗೆ ಹೊಸ ಕೇಳುಗರು ಸಿಗುವುದು ಪಶ್ಚಿಮದಲ್ಲಿ ಬೇರೆ ರೀತಿ. 2018ರಲ್ಲಿ ಕ್ವೀನ್ ಬ್ಯಾಂಡಿನ ಮೇಲೆ ಸಿನಿಮಾ ಬಂತು, ಅಜ್ಜಂದಿರ ಹಾಡನ್ನು ಮೊಮ್ಮಕ್ಕಳು ಗುನುಗಿದರು. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಕೇಟ್ ಬುಶ್ ಅವರ 1985ರ ಹಾಡು ಬಂದು, ಮೂವತ್ತೇಳು ವರ್ಷಗಳ ಮೇಲೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಧಾರಾವಾಹಿಯ ಹುಡುಗನೊಬ್ಬ ಮನೆಯ ಮೇಲೆ ನಿಂತು ಮೆಟಾಲಿಕಾದ 1986ರ ಹಾಡು ನುಡಿಸಿದ್ದಕ್ಕೆ ಜಗತ್ತಿನ ಹೈಸ್ಕೂಲು ಹುಡುಗರೆಲ್ಲ ಕಪ್ಪು ಬನಿಯನ್ನು ಕೊಂಡರು. 2011ರ ಅಕ್ಟೋಬರ್ 30ರಂದು ಅದೇ ಮೆಟಾಲಿಕಾ ನಮ್ಮ ಅರಮನೆ ಮೈದಾನದಲ್ಲಿ ನುಡಿಸಿದಾಗ ಕೆಸರಲ್ಲಿ ಕುಣಿದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. 'ನಾವು ನೇರವಾಗಿ ಕೇಳಿದ್ದೇವೆ' ಎಂದರೆ ಮಕ್ಕಳು ನಂಬುವುದಿಲ್ಲ. ಇವೆಲ್ಲ ಕೋಟಿಗಟ್ಟಲೆ ದುಡ್ಡಿನ ಪವಾಡ. ಬೆಂಗಳೂರಿನ ಬ್ಯಾಂಡಿನ ಹಾಡನ್ನು ಯಾವ ಧಾರಾವಾಹಿಯೂ ಎತ್ತಿಕೊಳ್ಳಲಿಲ್ಲ.

ಅದಕ್ಕೇ ಥರ್ಮಲ್‌ನವರು ಶಾಲೆ ತೆಗೆದರು. 2010ರ ಸುಮಾರಿಗೆ ಶುರುವಾದ 'ಟಾಕಾಡೆಮಿ'ಯಲ್ಲಿ ಗಿಟಾರು, ಡ್ರಮ್ಸು, ಹಾಡುಗಾರಿಕೆ ಹೇಳಿಕೊಡುತ್ತಾರೆ. ಬಾಡಿಗೆ ಕಟ್ಟಲೆಂದೇ ತೆಗೆದರೆನ್ನಿ, ತಪ್ಪಿಲ್ಲ. ಯಾವ ವಿದ್ವಾಂಸರು ಪಾಠದ ಫೀಸಿಲ್ಲದೆ ಸಂಸಾರ ನಡೆಸಿದ್ದಾರೆ? ಆದರೆ ಅದರಿಂದ ಆದದ್ದನ್ನು ನೋಡಿ. ಕಲಿತ ಹುಡುಗ ಇನ್ನೊಬ್ಬರಿಗೆ ಕಲಿಸುತ್ತಾನೆ, ಆ ಇನ್ನೊಬ್ಬರು ಸುಬ್ರಹ್ಮಣ್ಯಪುರದ ಮೊದಲ ಮಹಡಿಯಲ್ಲಿರುತ್ತಾರೆ, ಕೆಳಗಿನ ಮನೆಯ ನನ್ನಂಥವನೂ ಕೇಳುಗನಾಗುತ್ತಾನೆ. 1939ರಿಂದ ನಡೆದುಕೊಂಡು ಬಂದಿರುವ ಚಾಮರಾಜಪೇಟೆಯ ರಾಮೋತ್ಸವದ ಪೆಂಡಾಲಿನಲ್ಲಿ ಮುಂದಿನ ಸಾಲುಗಳನ್ನು ಒಮ್ಮೆ ಎಣಿಸಿ ನೋಡಿ: ಶಿಷ್ಯರು, ಶಿಷ್ಯರ ತಾಯಂದಿರು, ಶಿಷ್ಯರಾಗಲಿರುವ ಮಕ್ಕಳು. ವಿದ್ವಾಂಸರು ತಮ್ಮ ಸಭೆಯನ್ನು ತಾವೇ ಬೆಳೆಸಿಕೊಳ್ಳುತ್ತಾರೆ. ಕಂಟೋನ್ಮೆಂಟಿನ ಸಂಗೀತವೂ ಉಳಿಯಬೇಕಾದಾಗ ಬಸವನಗುಡಿಯ ದಾರಿಯನ್ನೇ ಹಿಡಿಯಿತು ಎಂದು ನಾನು ಜಂಬದಿಂದ ಹೇಳುತ್ತೇನೆ. ಯಾರಾದರೂ ಅಲ್ಲಗಳೆದರೆ ವಾದಕ್ಕೆ ಸಿದ್ಧ.

ಕನ್ನಡದಲ್ಲಿ ಹಾಡುವವರಿಗೆ ದಾರಿ ಕೊಂಚ ಸಲೀಸಿತ್ತು. 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿಗೆ ಕೂಡಿಸಿ ಹಾಡಿದ ಮೈಸೂರಿನ ರಘು ದೀಕ್ಷಿತ್ ಮನೆಮನೆಗೂ ಹೋದರು. ಷರೀಫರು ಗೊತ್ತಿದ್ದ ಅಜ್ಜಿಗೂ ಗಿಟಾರು ಗೊತ್ತಿದ್ದ ಮೊಮ್ಮಗಳಿಗೂ ಒಂದೇ ಹಾಡು ಸಾಕಾಯಿತು. ಇಂಗ್ಲಿಷಿನಲ್ಲಿ ಹಾಡುವ ಬೆಂಗಳೂರಿನ ಬ್ಯಾಂಡಿಗೆ ಆ ಅಜ್ಜಿ ಸಿಗುವುದಿಲ್ಲ. ನನಗೂ ಒಂದು ತಕರಾರಿದೆ. ಆಟೋದ ಮಾತು ಹಿಡಿದು ಅಷ್ಟು ಚೆನ್ನಾಗಿ ಹಾಡು ಕಟ್ಟಿದವರು ಇಡೀ ಒಂದು ಕನ್ನಡದ ಆಲ್ಬಮ್ಮನ್ನೇ ಮಾಡಬಾರದೇ? ಕೇಳಲು ಮುಖವಿಲ್ಲ, ಏಕೆಂದರೆ ಕನ್ನಡದ ಕ್ಯಾಸೆಟ್ಟು ಕೊಳ್ಳುತ್ತಿದ್ದ ನಾವು ಅವರ ಒಂದು ಸಿಡಿಯನ್ನೂ ಕೊಂಡವರಲ್ಲ.

ಮೇಲಿನ ಮನೆಯ ಯಜಮಾನರದು ಬೇರೆ ಚಿಂತೆ. ಸಿಇಟಿ ಹತ್ತಿರ ಬರುತ್ತಿದೆ, ಗಿಟಾರು ಹಿಡಿದು ಕೂತರೆ ಹೇಗೆ ಎಂದು. ಅವರಿಗೆ ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ಮೇ ಕಥೆ ಹೇಳಿದೆ. ಆತ ಬ್ಯಾಂಡಿಗಾಗಿ ಖಗೋಳವಿಜ್ಞಾನದ ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟವರು. ಮೂವತ್ತು ಚಿಲ್ಲರೆ ವರ್ಷಗಳ ಮೇಲೆ, 2007ರಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಪ್ರಬಂಧ ಒಪ್ಪಿಸಿ ಡಾಕ್ಟರಾದರು. ಯಜಮಾನರು ಗಂಭೀರವಾಗಿ ಕೇಳಿ, 'ಹಂಗಾದ್ರೆ ಮೊದ್ಲು ಪಿಎಚ್.ಡಿ. ಮುಗಿಸ್ಲಿ ಸಾರ್, ಆಮೇಲೆ ಬ್ಯಾಂಡು' ಎಂದರು. ದೃಷ್ಟಾಂತಗಳು ಹೀಗೇ, ಹೇಳಿದವರ ಕೈಯಲ್ಲಿ ಉಳಿಯುವುದಿಲ್ಲ.

ಹುಡುಗಿಯ ತೊಂದರೆ ಇದಕ್ಕಿಂತ ದೊಡ್ಡದು. ಅವಳಿಗೆ ಆ ಬ್ಯಾಂಡನ್ನು ಕಣ್ಣಾರೆ ನೋಡಬೇಕು. ಎಲ್ಲಿ? ಇಂಥ ಬ್ಯಾಂಡುಗಳು ಸಾಮಾನ್ಯವಾಗಿ ನುಡಿಸುವುದು ಪಬ್ಬಿನಲ್ಲಿ. ಬಾಗಿಲಲ್ಲೇ ಇಪ್ಪತ್ತೊಂದು ತುಂಬಿದೆಯೇ ಎಂದು ಕಾರ್ಡು ನೋಡುತ್ತಾರೆ. ಹಾಡು ಕಲಿತವರಿಗೆ ಒಳಗೆ ಪ್ರವೇಶವಿಲ್ಲ, ಒಳಗಿರುವವರಲ್ಲಿ ಅರ್ಧ ಜನ ಕ್ರಿಕೆಟ್ ಸ್ಕೋರು ನೋಡುತ್ತಿರುತ್ತಾರೆ. ಇಂದಿರಾನಗರದ ಹಮ್ಮಿಂಗ್ ಟ್ರೀಯಂಥ, ಬ್ಯಾಂಡುಗಳಿಗೆಂದೇ ಹೆಸರಾಗಿದ್ದ ಜಾಗ 2019ರಲ್ಲಿ ಮುಚ್ಚಿತು. ನಾಟಕಕ್ಕೆ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರವಿದೆ, ಕರ್ನಾಟಕ ಸಂಗೀತಕ್ಕೆ ಗಾಯನ ಸಮಾಜವಿದೆ, ಚೌಡಯ್ಯ ಮೆಮೋರಿಯಲ್ ಹಾಲಿದೆ. ಹದಿನಾರರ ಹುಡುಗಿ ಅಪ್ಪ ಅಮ್ಮನ ಜೊತೆ ಹೋಗಿ, ನೂರೋ ಇನ್ನೂರೋ ಕೊಟ್ಟು ಗಿಟಾರು ಕೇಳಿ, ಒಂಬತ್ತೂವರೆಗೆ ಮನೆ ಸೇರುವಂಥ ಒಂದು ಸಣ್ಣ ಹಾಲು ಬನಶಂಕರಿಯಿಂದ ಈಚೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ. ಮದುವೆ ಛತ್ರಗಳಿಗೆ ಬರವಿಲ್ಲ.

ಹೀಗಾಗಿ ನಮ್ಮ ಬಡಾವಣೆಯ ಗಣೇಶನ ಕಮಿಟಿಯ ಹುಡುಗರಿಗೆ ಈ ಮೂಲಕ ಒಂದು ಅರ್ಜಿ. ಪ್ರತಿ ವರ್ಷ ಆರ್ಕೆಸ್ಟ್ರಾ ತರಿಸುತ್ತೀರಿ, ಬಹಳ ಸಂತೋಷ. ಅದರಲ್ಲಿ ಹಿಂದೆ ನಿಂತು, ಲೈಟು ಬೀಳದ ಕಡೆ, ಅಷ್ಟು ಶುದ್ಧವಾಗಿ ನುಡಿಸುವ ನರೆಗೂದಲಿನ ಗಿಟಾರಿಸ್ಟರನ್ನು ಈ ಸಲವಾದರೂ ಮುಂದಕ್ಕೆ ಕರೆದು ಹೆಸರು ಹೇಳಿ. ಜೊತೆಗೆ ಒಂದು ಸಂಜೆ, ಒಂದೇ ಗಂಟೆ, ಊರಿನ ಒಂದು ರಾಕ್ ಬ್ಯಾಂಡಿಗೆ ಕೊಡಿ. ಇಂಗ್ಲಿಷ್ ಹಾಡು ಎಂದು ಗಣಪತಿ ಬೇಜಾರು ಮಾಡಿಕೊಳ್ಳುವುದಿಲ್ಲ. ನೀವು ಹಾಕುವ ತಮಿಳು, ತೆಲುಗು ಡಿಜೆ ಹಾಡುಗಳನ್ನೇ ಸಹಿಸಿಕೊಂಡಿದ್ದಾನೆ. ಹತ್ತಕ್ಕೆ ಮೈಕು ಬಂದ್ ಮಾಡಬೇಕು ಎಂಬ ಕಾನೂನಿರುವುದರಿಂದ ಏಳಕ್ಕೇ ಶುರು ಮಾಡಿ. ಮೊದಲ ಹಾಡಿಗೆ ನಮ್ಮ ಮೇಲಿನ ಮನೆಯ ಹುಡುಗಿ ಇದ್ದಾಳೆ, ದುಡ್ಡು ಕೇಳುವುದಿಲ್ಲ. ಬ್ಯಾಂಡಿನವರಿಗೆ ಮಾತ್ರ ಪೂರ್ತಿ ಸಂಭಾವನೆ ಕೊಡಿ, ಹಾರ ಹಾಕಿ ಕಳಿಸಬೇಡಿ. ಒಪ್ಪಿದರೆ ನನ್ನ ಚಂದಾ ಈ ವರ್ಷ ಒಂದೂವರೆ.